ಅಲ್ಯೂಮಿನಿಯಂ: ಪುಡಿಯಾದಾಗ, ನೀರು ತಾಗಿದಾಗ

ಎಲ್ಲರಿಗೂ ನಮಸ್ಕಾರ.

ಅಲ್ಯೂಮಿನಿಯಂ ಕಂಡರೆ ಯಾರಿಗೂ ಭಯ ಇಲ್ಲ. ಕಿಟಕಿಯ ಚೌಕಟ್ಟು, ಏಣಿ, ಪಾತ್ರೆ, ಗಾಡಿಯ ಚಕ್ರ, ಎಲ್ಲಿ ನೋಡಿದರೂ ಅದೇ ಇದೆ. ಗಟ್ಟಿ ತುಂಡಾಗಿ ಇರುವವರೆಗೆ ಅದನ್ನು ನಂಬಬಹುದು. ಆದರೆ ನೀವು ಅದನ್ನು ಗ್ರೈಂಡ್ ಮಾಡುತ್ತೀರಿ, ಪಾಲಿಶ್ ಮಾಡುತ್ತೀರಿ, ಕರಗಿಸುತ್ತೀರಿ. ಅಲ್ಲಿ ಅದರ ಗುಣವೇ ಬೇರೆ. ಇವತ್ತು ನಾನು ಮುಖ್ಯವಾಗಿ ಎರಡೇ ವಿಷಯ ಮಾತಾಡುತ್ತೇನೆ: ಪುಡಿ ಮತ್ತು ನೀರು.

ಈ ಲೋಹಕ್ಕೆ ಆಮ್ಲಜನಕ ಅಂದರೆ ವಿಪರೀತ ಸೆಳೆತ. ಗಾಳಿ ತಾಗಿದ ಕೂಡಲೇ ಮೇಲೊಂದು ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಆ ಪೊರೆಯೇ ಒಳಗಿನ ಲೋಹವನ್ನು ಕಾಯುತ್ತದೆ. ಈಗ ಒಂದು ಸೆಂಟಿಮೀಟರ್ ಘನದ ತುಂಡನ್ನು 10 ಮೈಕ್ರಾನಿನ ಕಣಗಳಾಗಿ ಒಡೆದೆವು ಅಂದುಕೊಳ್ಳಿ. ಗಾಳಿಗೆ ತೆರೆದುಕೊಂಡ ಮೈ 1,000 ಪಟ್ಟು ಹೆಚ್ಚುತ್ತದೆ. ಮರದ ದಿಮ್ಮಿಗೆ ಬೆಂಕಿಕಡ್ಡಿ ಹಿಡಿದರೆ ಏನೂ ಆಗುವುದಿಲ್ಲ, ಅದೇ ಮರದ ಹೊಟ್ಟನ್ನು ಗಾಳಿಗೆ ತೂರಿ ಕಡ್ಡಿ ಗೀರಿದರೆ ಭಗ್ಗನೆ ಹತ್ತುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಆದರೆ ಅಲ್ಯೂಮಿನಿಯಂ ಧೂಳು ಮರದ ಹೊಟ್ಟಿಗಿಂತ ಎಷ್ಟೋ ಜೋರಾಗಿ ಸಿಡಿಯುತ್ತದೆ. ಸ್ಫೋಟದ ತೀವ್ರತೆಯ ಮೇಲೆ ಧೂಳುಗಳನ್ನು ಮೂರು ವರ್ಗ ಮಾಡಿದ್ದಾರೆ. ನುಣ್ಣಗಿನ ಅಲ್ಯೂಮಿನಿಯಂ ಇರುವುದು ಎಲ್ಲಕ್ಕಿಂತ ತೀವ್ರವಾದ ಮೂರನೆಯ ವರ್ಗದಲ್ಲಿ. ತೀರಾ ನುಣ್ಣಗಿನ ಪುಡಿ ಹತ್ತಲು ನಮ್ಮ ಮೈಯಿಂದ ಹಾರುವ ಸ್ಥಿರ ವಿದ್ಯುತ್ತಿನ ಕಿಡಿಯೂ ಸಾಕಾಗಬಹುದು.

2014ರ ಆಗಸ್ಟ್ 2ರ ಬೆಳಿಗ್ಗೆ, ಚೀನಾದ ಕುನ್‌ಶಾನ್ ನಗರ. ಕಾರಿನ ಅಲಾಯ್ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಶಿಫ್ಟ್ ಆಗಷ್ಟೇ ಶುರುವಾಗಿತ್ತು. ಧೂಳು ಸ್ಫೋಟಿಸಿತು. ಅವತ್ತೇ 75 ಜನ ತೀರಿಕೊಂಡರು. ಸುಟ್ಟ ಗಾಯಗಳಿಂದ ನರಳಿದವರೂ ಸೇರಿ ಆ ವರ್ಷದ ಕೊನೆಗೆ ಸತ್ತವರ ಸಂಖ್ಯೆ 146 ಆಯಿತು. ತನಿಖೆಯಲ್ಲಿ ಕಂಡದ್ದು ಏನು ಗೊತ್ತಾ? ಧೂಳನ್ನು ಹೀರಿ ಕೂಡಿಡುವ ಯಂತ್ರ, ಅಂದರೆ ಡಸ್ಟ್ ಕಲೆಕ್ಟರನ್ನು ಸಮಯಕ್ಕೆ ಸರಿಯಾಗಿ ಖಾಲಿ ಮಾಡಿರಲಿಲ್ಲ. ಅದರ ಡಬ್ಬಿಯಲ್ಲಿ ಕೂತ ಪುಡಿಗೆ ತೇವ ತಾಗಿತ್ತು. ತೇವ ತಾಗಿದ ಪುಡಿ ತಾನಾಗಿಯೇ ಬಿಸಿಯಾಯಿತು. ಆ ಶಾಖವೇ ಬೆಂಕಿಗೆ ಮೂಲ. ಹೊರಗಿನಿಂದ ಯಾರೂ ಕಡ್ಡಿ ಗೀರಿರಲಿಲ್ಲ. ಈ ಘಟನೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಡಬ್ಬಿ ಖಾಲಿ ಮಾಡುವುದು ಎಷ್ಟು ಸಣ್ಣ ಕೆಲಸ!

ಇಂಥ ಕಡೆ ಹೆಚ್ಚು ಜನರನ್ನು ಕೊಲ್ಲುವುದು ಸಾಮಾನ್ಯವಾಗಿ ಎರಡನೆಯ ಸ್ಫೋಟ. ಮೊದಲನೆಯದು ಚಿಕ್ಕದಾಗಿರಬಹುದು, ಒಂದು ಕೊಳವೆಯೊಳಗೇ ಆಗಿರಬಹುದು. ಅದರ ಅದುರಿಗೆ ತೊಲೆ, ಲೈಟು, ಕೇಬಲ್ ಟ್ರೇಗಳ ಮೇಲೆ ಕೂತಿದ್ದ ಧೂಳೆಲ್ಲ ಒಮ್ಮೆಗೇ ಉದುರುತ್ತದೆ. ಇಡೀ ಶೆಡ್ಡೇ ಹೊತ್ತುತ್ತದೆ. ಹಾಗಾಗಿ ನೆಲ ನೋಡಿದರೆ ಸಾಲದು, ತಲೆ ಎತ್ತಿ ನೋಡಿ. ಸಾಮಾನ್ಯ ಧೂಳುಗಳಿಗೆ ಹೇಳುವ ಎಚ್ಚರಿಕೆಯ ಅಳತೆಯೇ ಸುಮಾರು 0.8 ಮಿಲಿಮೀಟರ್, ಅಂದರೆ ಪೇಪರ್ ಕ್ಲಿಪ್ಪಿನ ತಂತಿಯಷ್ಟು ದಪ್ಪ. ಅಲ್ಯೂಮಿನಿಯಂ ಧೂಳನ್ನು ಅಷ್ಟು ಕಟ್ಟಲೂ ಬಿಡಬೇಡಿ.

ಸ್ವಚ್ಛ ಮಾಡುವ ಆತುರದಲ್ಲಿ ಏರ್ ಗನ್ ಹಿಡಿಯುತ್ತೇವೆ. ದಯವಿಟ್ಟು ಬೇಡ. ಕೂತ ಧೂಳನ್ನು ಎಬ್ಬಿಸಿ ಗಾಳಿಗೆ ಬೆರೆಸುವುದು ಅಂದರೆ ಸ್ಫೋಟಕ್ಕೆ ಬೇಕಾದದ್ದನ್ನು ನಾವೇ ಒದಗಿಸಿದ ಹಾಗೆ. ಮೆತ್ತನೆಯ ಬ್ರಷ್, ಕಿಡಿ ಹಾರಿಸದ ಮೊರ ಬಳಸಿ ನಿಧಾನವಾಗಿ ಬಳಿಯಿರಿ. ಮಾಮೂಲಿ ವ್ಯಾಕ್ಯೂಮ್ ಕ್ಲೀನರೂ ಆಗುವುದಿಲ್ಲ, ಅದರ ಮೋಟಾರಿನಲ್ಲೇ ಕಿಡಿ ಇರುತ್ತದೆ. ಲೋಹದ ಧೂಳಿಗೆಂದೇ ಮಾಡಿದ್ದು ಬೇಕು. ಯಂತ್ರಕ್ಕೂ ಕೊಳವೆಗೂ ಅರ್ತಿಂಗ್ ಇರಲಿ. ಕಬ್ಬಿಣ ಉಜ್ಜಿದ ಗ್ರೈಂಡರಿನಲ್ಲಿ ಅಲ್ಯೂಮಿನಿಯಂ ಉಜ್ಜಬೇಡಿ. ಕಬ್ಬಿಣದ ಕಿಡಿ ಒಂದು ಕಾರಣ. ತುಕ್ಕು ಮತ್ತು ಅಲ್ಯೂಮಿನಿಯಂ ಸೇರಿ ಉರಿಯುವುದು ಇನ್ನೊಂದು. ರೈಲು ಹಳಿಗಳನ್ನು ಬೆಸೆಯಲು ಬಳಸುವ ಥರ್ಮಿಟ್ ಬೆಂಕಿ ಅಂದರೆ ಇದೇ.

ಇನ್ನು ನೀರು. ಒಂದು ಗ್ರಾಂ ಅಲ್ಯೂಮಿನಿಯಂ ನೀರಿನ ಜೊತೆ ಪೂರ್ತಿ ವರ್ತಿಸಿದರೆ ಸುಮಾರು 1.2 ಲೀಟರ್ ಹೈಡ್ರೋಜನ್ ಹುಟ್ಟುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಇದ್ದರೂ ಹತ್ತಿಕೊಳ್ಳುತ್ತದೆ. ಒದ್ದೆ ಪುಡಿಯನ್ನು ಡ್ರಮ್ಮಿಗೆ ತುಂಬಿ ಮುಚ್ಚಳ ಬಿಗಿದಿಟ್ಟರೆ ಒಳಗೆ ಅನಿಲ ಕಟ್ಟುತ್ತಾ ಹೋಗುತ್ತದೆ. ಅಂಥ ಡ್ರಮ್ಮಿಗೆ ಅನಿಲ ಹೊರಗೆ ಹೋಗಲು ದಾರಿ ಇರಲೇಬೇಕು. ಕಾಸ್ಟಿಕ್ ಸೋಡಾ ತಾಗಿದರಂತೂ ಕಾಯುವ ಪೊರೆಯೇ ಕರಗಿ, ಹೈಡ್ರೋಜನ್ ನೊರೆನೊರೆಯಾಗಿ ಬರುತ್ತದೆ.

ಪುಡಿಗೆ ಬೆಂಕಿ ಬಿದ್ದರೆ? ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಅಲ್ಲೇ ತಡೆಯಿರಿ. ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಬೇಡ, ಗೋಡೆಗೆ ನೇತುಹಾಕಿದ ಮಾಮೂಲಿ ಪೌಡರ್ ಸಿಲಿಂಡರೂ ಬೇಡ. ಅದರ ರಭಸಕ್ಕೆ ಧೂಳು ಏಳುತ್ತದೆ. ಇದಕ್ಕೆ ಡಿ ವರ್ಗದ ನಂದಕ ಇದೆ. ಇಲ್ಲದಿದ್ದರೆ ಪೂರ್ತಿ ಒಣಗಿದ ಮರಳು. ಅದನ್ನೂ ಎರಚಬಾರದು. ಉದ್ದ ಹಿಡಿಯ ಸಲಿಕೆಯಿಂದ ಮೊದಲು ಸುತ್ತಲೂ ಕಟ್ಟೆ ಹಾಕಿ, ಆಮೇಲೆ ಮೆಲ್ಲಗೆ ಮುಚ್ಚಿ. ಆಗುವುದಿಲ್ಲ ಅನ್ನಿಸಿದರೆ ಬಿಟ್ಟು ಹೊರಗೆ ಬನ್ನಿ.

ಕರಗಿಸುವ ಕಡೆ ನೀರು ಇನ್ನೂ ಅಪಾಯ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಆವಿಯಾಗಿ 1,600 ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಕರಗಿದ ಲೋಹವೆಲ್ಲ ಮೇಲಕ್ಕೆ ಚಿಮ್ಮುತ್ತದೆ. ನೀರು ಎಲ್ಲಿಂದ ಬರುತ್ತದೆ? ಮಳೆಯಲ್ಲಿ ನೆನೆದ ಸ್ಕ್ರ್ಯಾಪಿನಿಂದ. ಬಾಯಿ ಜಜ್ಜಿಹೋದ ಕೊಳವೆಯೊಳಗಿಂದ. ಇಂಗಾಟಿನ, ಅಂದರೆ ಎರಕ ಹೊಯ್ದ ಲೋಹದ ಗಟ್ಟಿಯ ಬಿರುಕಿನಿಂದ. ಕುಲುಮೆಗೆ ಅದ್ದುವ ತಣ್ಣನೆಯ ಸೌಟಿನ ತೇವದಿಂದ. ಮೇಲೆ ಒಣಗಿದ ಹಾಗೆ ಕಂಡರೆ ಸಾಲದು. ಲೋಹವೇ ಆಗಲಿ, ಸಲಕರಣೆಯೇ ಆಗಲಿ, ಮೊದಲು ಕಾಯಿಸಿ ಆಮೇಲೆ ಒಳಗೆ ಹಾಕಿ. ಮೈಮೇಲೆ ಪಾಲಿಯೆಸ್ಟರ್ ಬಟ್ಟೆ ಇರಬಾರದು, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟಿನ ಅಂಚು ಬೂಟಿನ ಹೊರಗೇ ಇರಲಿ.

ಒಂದು ಮಾತು, ಇದು ಹೊಸಬರಿಗೆ. ಕಬ್ಬಿಣ ಕಾದರೆ ಕೆಂಪಗಾಗಿ ನಮ್ಮನ್ನು ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಕೈ ಸುಟ್ಟು ಹೋಗುವಷ್ಟು ಕಾದರೂ ಬಣ್ಣ ಹಾಗೇ ಇರುತ್ತದೆ. ಈಗಷ್ಟೇ ಅಚ್ಚಿನಿಂದ ತೆಗೆದ ತುಂಡಿನ ಪಕ್ಕ ‘ಬಿಸಿ’ ಅಂತ ಸೀಮೆಸುಣ್ಣದಲ್ಲಿ ಬರೆದಿಡಿ.

ಕೊನೆಗೆ ಉಸಿರಿನ ವಿಷಯ. ಕೆನಡಾದ ಒಂಟಾರಿಯೋದ ಗಣಿಗಳಲ್ಲಿ 1943ರಿಂದ 1979ರವರೆಗೆ ಕೆಲಸಗಾರರಿಗೆ ಬೇಕೆಂದೇ ಅಲ್ಯೂಮಿನಿಯಂ ಪುಡಿಯನ್ನು ಉಸಿರಾಡಿಸುತ್ತಿದ್ದರು. ಮ್ಯಾಕಿಂಟೈರ್ ಪೌಡರ್ ಅಂತ ಅದರ ಹೆಸರು. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ತಡೆಯುತ್ತದೆ ಅಂತ ನಂಬಿದ್ದರು. ಆ ಗಣಿಗಾರರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚಾಗಿದ್ದದ್ದು ದಶಕಗಳ ನಂತರ ಗೊತ್ತಾಯಿತು. 2022ರಲ್ಲಿ ಒಂಟಾರಿಯೋ ಸರ್ಕಾರ ಅವರ ಪಾರ್ಕಿನ್ಸನ್ನನ್ನು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿತು. ಅಷ್ಟರಲ್ಲಿ ಎಷ್ಟೋ ಜನ ಇರಲೇ ಇಲ್ಲ. ಅದಕ್ಕೇ, ‘ಸ್ವಲ್ಪ ಧೂಳು ತಾನೆ’ ಅಂತ ಮಾಸ್ಕ್ ಬದಿಗಿಡಬೇಡಿ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ನುಣ್ಣಗಿನ ಪುಡಿ ನಿಲ್ಲುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ, ಧೂಳು ಸೋಸುವ ಮಾಸ್ಕೇ ಬೇಕು.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಡಸ್ಟ್ ಕಲೆಕ್ಟರ್ ಇರುವ ಕಡೆ ಕೆಲಸ ಮಾಡುವವರು ಮೊದಲು ಕೇಳಿ. ಡಬ್ಬಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡುತ್ತಾರೆ ಅನ್ನುವುದನ್ನೂ ಹೇಳಿ.