ನಾನೆಂತ ಮಾಡುವುದು, ಮನೆಯಲ್ಲೇ ಇದ್ದೇನೆ

ಕೇಳುಗರಿಗೆ ನಮಸ್ಕಾರ.

ನಾನು ಹೈಸ್ಕೂಲಿಗೆ ಸೇರುವಾಗ ಫಾರಂನಲ್ಲಿ 'ತಾಯಿಯ ಉದ್ಯೋಗ' ಅಂತ ಒಂದು ಸಾಲು ಇತ್ತು. ಅಪ್ಪ ಯೋಚನೆಯೇ ಮಾಡದೆ 'ಮನೆವಾರ್ತೆ' ಅಂತ ಬರೆದರು. ಪಕ್ಕದಲ್ಲೇ ಅಮ್ಮ ಕೂತಿದ್ದರು. ತೊಡೆಯ ಮೇಲೆ ಗೆರಸೆ, ಕೈಯಲ್ಲಿ ಬೀಡಿ ಎಲೆ. ಆ ಫಾರಂ ಜೊತೆ ಕಟ್ಟಿದ ಫೀಸು ಆ ವಾರದ ಬೀಡಿ ದುಡ್ಡು. ಅಮ್ಮನಿಗೂ ಏನೂ ಅನ್ನಿಸಲಿಲ್ಲ. ಯಾರು ಕೇಳಿದರೂ ಅವರದ್ದು ಒಂದೇ ಮಾತು, "ನಾನೆಂತ ಮಾಡುವುದು, ಮನೆಯಲ್ಲೇ ಇದ್ದೇನೆ."

ಈ 'ಮನೆಯಲ್ಲೇ ಇರುವುದು' ಹೇಗೆ ಅಂತೀರಿ? ಎಲೆ ನೆನೆಸಿ ಮೆತ್ತಗೆ ಮಾಡಬೇಕು. ಅಚ್ಚು ಇಟ್ಟು ಕತ್ತರಿಸಬೇಕು. ಪುಡಿ ಹಾಕಿ ಸುರುಳಿ ಸುತ್ತಿ, ನೂಲು ಕಟ್ಟಿ, ತುದಿ ಮಡಚಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಮತ್ತೆ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ನಡಿಗೆ. ಅಲ್ಲಿ ಕೂತವರು ಒಂದಿಷ್ಟು ಬೀಡಿ ಸರಿಯಿಲ್ಲ ಅಂತ ಬದಿಗೆ ಹಾಕಿದರೆ ಅದಕ್ಕೆ ಕಾಸಿಲ್ಲ. ನಾನು ಮಂಗಳೂರು ಹತ್ತಿರದ ಗುರುಪುರದ ಕಡೆ ನೋಡಿದ ಬ್ರಾಂಚುಗಳಲ್ಲಿ ಕಟ್ಟಿ ತರುವವರೆಲ್ಲ ಹೆಂಗಸರು, ಎಣಿಸಿ ತೆಗೆದುಕೊಳ್ಳುವವರು ಗಂಡಸರು.

ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಅಂತ 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಕಾಯ್ದೆಗೆ ಗೊತ್ತಿದ್ದದ್ದು ನಮ್ಮ ಜಗಲಿಗೆ ಗೊತ್ತಿರಲಿಲ್ಲ. ಗಣತಿಯವರು ಬಂದು ಕೇಳಿದಾಗ "ಕೆಲಸ ಇಲ್ಲ" ಅಂದರೆ ಅವರಾದರೂ ಏನು ಬರೆದುಕೊಳ್ಳಬೇಕು, ಅಲ್ವಾ?

ಮಲ್ಪೆಯ ಮೀನಿನ ಹೆಂಗಸರು ಹೀಗೆ ಹೇಳುವುದನ್ನು ನಾನು ಕೇಳಿಲ್ಲ. ಕಡಲಿಗೆ ಹೋಗುವುದು ಗಂಡಸರೇ. ಮೀನು ದಡ ಮುಟ್ಟಿದ ಮೇಲೆ ಬುಟ್ಟಿ ಇವರದ್ದು. ಬಂಗುಡೆಗೆ ಒಮ್ಮೆ ರೇಟು ಹೇಳಿದರೆ ಮುಗಿಯಿತು, ಜಾಸ್ತಿ ಚೌಕಾಸಿ ಮಾಡಿದರೆ ನಿಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾರೆ! ದುಡ್ಡು ಅವರ ಸೊಂಟದ ಚೀಲದಲ್ಲೇ ಇರುತ್ತದೆ. ಹೊಸಿಲು ದಾಟಿದ ಕೆಲಸಕ್ಕೆ ಮಾತ್ರ ಕೆಲಸ ಅನ್ನುವ ಹೆಸರು. ಸಾಂಬಾರನ್ನೇ ನೋಡಿ. ಮನೆಯಲ್ಲಿ ಅಮ್ಮ ಮಾಡಿದರೆ ಅದು ಊಟ. ಉಡುಪಿ ಹೋಟೆಲಿನಲ್ಲಿ ಭಟ್ಟರು ಮಾಡಿದರೆ ಸಂಬಳ.

ಹಾಗಂತ ಹೊಸಿಲು ದಾಟಿದ ಕೂಡಲೇ ಎಲ್ಲ ಸರಿಯಾಗುವುದೂ ಇಲ್ಲ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ ಅಂದಿತು. ನಮ್ಮ ಗೇರುಬೀಜದ ಫ್ಯಾಕ್ಟರಿಗಳಲ್ಲಿ ಹುರಿಯುವುದು ಹೆಚ್ಚಾಗಿ ಗಂಡಸರು, ಸಿಪ್ಪೆ ತೆಗೆಯುವುದು ಹೆಂಗಸರು. ಕೆಲಸವೇ ಬೇರೆ ಅಂದ ಮೇಲೆ ಸಮಾನ ಎಲ್ಲಿಂದ ಬರಬೇಕು?

ಬೀಡಿ ಕಟ್ಟುವಾಗ ಕೈಗೆ ಬಿಡುವಿಲ್ಲ, ಕಿವಿಗೆ ಉಂಟು. ಅಮ್ಮನ ಪಕ್ಕ ಯಾವಾಗಲೂ ರೇಡಿಯೋ ಇರುತ್ತಿತ್ತು, ಈಗಲೂ ಉಂಟು. ಅವರಿಗೆ ಈಗ ಪಿಎಫ್ ಪಿಂಚಣಿ ಬರುತ್ತದೆ, ಸಣ್ಣ ಮೊತ್ತ. ಮೊನ್ನೆ ಅವರ ಬ್ಯಾಂಕಿನ ಫಾರಂ ತುಂಬುವಾಗ 'ಉದ್ಯೋಗ' ಅನ್ನುವಲ್ಲಿ ನಾನು 'ನಿವೃತ್ತ ಬೀಡಿ ಕಾರ್ಮಿಕೆ' ಅಂತ ಬರೆದೆ. ಓದಿ ಹೇಳಿದೆ. ಅಮ್ಮ ನಕ್ಕರು.

"ನಿವೃತ್ತಿ ಎಲ್ಲಿ ಮಾರಾಯ್ತಿ? ನಿನ್ನೆ ಸಹ ಐನೂರು ಕಟ್ಟಿದ್ದೇನೆ, ನಿನ್ನ ಅತ್ತಿಗೆಯ ಲೆಕ್ಕಕ್ಕೆ."