ಜ್ವರ ಬಂದಾಗ ಬಾಗಿಲು ತಟ್ಟುವವರು

ಕೇಳುಗರೆಲ್ಲರಿಗೂ ನಮಸ್ಕಾರ. ಕಕ್ಕಡ ತಿಂಗಳು, ಬಿಡದ ಮಳೆ. ಕೊಡಗಿನ ಎಷ್ಟೋ ಮನೆಗಳಲ್ಲಿ ಈಗ ಸೂಟ್‌ಕೇಸ್ ತೂಕ ಹಾಕುವ ಕೆಲಸ ನಡೆದಿರುತ್ತದೆ. ಮಗ ಜರ್ಮನಿಗೆ, ಮಗಳು ಇಂಗ್ಲೆಂಡಿಗೆ. ಬಟ್ಟೆ ಮಧ್ಯೆ ಕರಿಮೆಣಸಿನ ಪೊಟ್ಟಣ, ಕಾಚಂಪುಳಿ ಬಾಟಲಿ.

2009ರಲ್ಲಿ ನಾನೂ ಹಾಗೇ ಇಂಗ್ಲೆಂಡಿಗೆ ಓದಲು ಹೊರಟವಳು. ಆ ಜೂನ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಎಚ್‌1ಎನ್‌1 ಫ್ಲೂ, ಅಂದರೆ ಹಂದಿಜ್ವರವನ್ನು ಜಗತ್ತಿಗೇ ಹಬ್ಬಿದ ಪಿಡುಗು ಎಂದು ಸಾರಿತ್ತು. ಅಮ್ಮನಿಗೆ ಮಾತ್ರ ಚಿಂತೆ ಇರಲಿಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಎರಡು ಬಟ್ಟಲು ತಿನ್ನಿಸಿ, ‘ಇನ್ನು ವರ್ಷವಿಡೀ ಏನೂ ಬರಲ್ಲ ಬಿಡು’ ಅಂದರು. ಆ ಸೊಪ್ಪಿನ ಬಣ್ಣಕ್ಕೆ ಮಾರನೇ ದಿನ ಮೂತ್ರ ಕೆಂಪಾಯಿತು, ಅಷ್ಟೇ. ಅಕ್ಟೋಬರ್‌ನಲ್ಲಿ ಫ್ಲೂ ಬಂತು.

ಬೆಳಿಗ್ಗೆ ಕ್ಲಾಸಿಗೆ ಹೋಗಿದ್ದವಳಿಗೆ ಸಂಜೆ ಮೆಟ್ಟಿಲು ಹತ್ತಲು ಆಗಲಿಲ್ಲ. ಹಾಸ್ಟೆಲ್ ರೂಮು, ತಾನಾಗಿಯೇ ಮುಚ್ಚಿಕೊಳ್ಳುವ ಭಾರದ ಬಾಗಿಲು. ನಮ್ಮೂರಲ್ಲಾದರೆ ಒಂದು ದಿನ ಕಾಣದಿದ್ದರೂ ಪಕ್ಕದ ತೋಟದವರು ಅಂಗಳಕ್ಕೆ ಬಂದು, ‘ಏನಕ್ಕಾ, ಹುಷಾರಿಲ್ವಾ?’ ಅಂತ ಕೇಳುತ್ತಾರೆ. ಅಲ್ಲಿ ಒಂದೂವರೆ ದಿನ ಮಲಗಿದ್ದೆ. ಗೋಡೆಯಾಚೆಯ ಹುಡುಗಿಗೂ ಗೊತ್ತಾಗಲಿಲ್ಲ. ತಪ್ಪು ಅವಳದ್ದಲ್ಲ, ನಾನು ಹೇಳಿದ್ದರೆ ತಾನೆ?

ಆಗ ಇಂಗ್ಲೆಂಡಿನಲ್ಲಿ ಒಂದು ಏರ್ಪಾಡಿತ್ತು. ಫೋನಿನಲ್ಲಿ ಲಕ್ಷಣ ಹೇಳಿದರೆ ಒಂದು ನಂಬರ್ ಕೊಡುತ್ತಿದ್ದರು. ಅದನ್ನು ತೋರಿಸಿ ಬೇರೆ ಯಾರಾದರೂ ನಮಗೆ ಮಾತ್ರೆ ತಂದುಕೊಡಬೇಕು. ಹಾಗೆ ತರುವವರಿಗೆ ‘ಫ್ಲೂ ಫ್ರೆಂಡ್’ ಅಂತಲೇ ಹೆಸರು. ಆ ಮಾತ್ರೆ ಜ್ವರ ಶುರುವಾದ ಎರಡು ದಿನದೊಳಗೆ ತಗೊಂಡರೇ ಹೆಚ್ಚು ಪ್ರಯೋಜನ. ನನಗೆ ಉಳಿದಿದ್ದು ಅರ್ಧ ದಿನ, ಫ್ರೆಂಡ್ ಯಾರೂ ಇಲ್ಲ. ಕೊನೆಗೆ ಪಕ್ಕದ ರೂಮಿನ ಬಾಗಿಲಡಿ ಒಂದು ಚೀಟಿ ತಳ್ಳಿದೆ. ಅವಳು ಮಾತ್ರೆಯ ಜೊತೆ ಬ್ರೆಡ್ಡನ್ನೂ ತಂದು ಬಾಗಿಲ ಹೊರಗಿಟ್ಟು ಹೋದಳು.

ಅದಕ್ಕೇ ಹೇಳುವುದು, ಅಲ್ಲಿ ಇಳಿದ ಮೊದಲ ವಾರವೇ ಅಂಥ ಒಬ್ಬರನ್ನು ಹುಡುಕಿಕೊಳ್ಳಿ. ಕಾಯಿಲೆ ಬಿದ್ದ ಮೇಲಲ್ಲ. ಹತ್ತಿರದ ಡಾಕ್ಟರ ಬಳಿ ಹೆಸರು ಬರೆಸಿ. ಇಂಗ್ಲೆಂಡಿನಲ್ಲಾದರೆ ಈಗ 111ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು. ಫ್ಲೂ ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಚಳಿಗೆ ಮುಂಚೆಯೇ ಹಾಕಿಸಿಕೊಳ್ಳಿ. ಆಸ್ಟ್ರೇಲಿಯಾಕ್ಕೆ ಹೋಗುವವರೇ, ಅಲ್ಲಿ ಚಳಿ ಬೀಳುವುದು ನಮ್ಮ ಮಳೆಗಾಲದಲ್ಲಿ.

ಇನ್ನೊಂದು ವಿಷಯ, ನಾನೇ ಎಡವಿದ್ದು. ನೆಗಡಿಗೆ ಅಂತ ಅಲ್ಲಿ ಬಿಸಿನೀರಿಗೆ ಬೆರೆಸುವ ನಿಂಬೆರುಚಿಯ ಪುಡಿ ಸಿಗುತ್ತದೆ. ಶರಬತ್ತಿನ ಹಾಗೆ ಇರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ನುಂಗಿ, ಮೇಲೆ ಅದನ್ನೂ ಕುಡಿಯುತ್ತಿದ್ದೆ. ಪೊಟ್ಟಣ ತಿರುಗಿಸಿ ನೋಡಿದರೆ ಅದರಲ್ಲೂ ಪ್ಯಾರಾಸಿಟಮಾಲ್! ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ, ಮೀರಿದರೆ ಲಿವರ್‌ಗೆ ಪೆಟ್ಟು. ಅಮೆರಿಕದಲ್ಲಿ ಇದೇ ಔಷಧಿಗೆ ಅಸೆಟಮಿನೋಫೆನ್ ಅಂತಾರೆ. ಊರಿನಿಂದ ಕಟ್ಟಿಕೊಂಡು ಹೋದ ಆಂಟಿಬಯೋಟಿಕ್ ಫ್ಲೂಗೆ ಏನೂ ಮಾಡದು, ಸುಮ್ನೆ ನುಂಗಬೇಡಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಅಪ್ಪ ಅಮ್ಮಂದಿರೇ, ಗಂಟೆಗೊಮ್ಮೆ ಫೋನ್ ಮಾಡಿ ಮಲಗಿದವರನ್ನು ಎಬ್ಬಿಸಬೇಡಿ. ಮಕ್ಕಳು ಅಲ್ಲಿ ಹುಡುಕಿಕೊಂಡ ಫ್ರೆಂಡ್‌ನ ನಂಬರನ್ನೂ ಬರೆದಿಟ್ಟುಕೊಳ್ಳಿ.

ನವೆಂಬರ್‌ನಲ್ಲಿ ಪಕ್ಕದ ರೂಮಿನ ಆ ಹುಡುಗಿಗೂ ಜ್ವರ ಬಂತು. ಅನ್ನದ ಗಂಜಿಗೆ ಉಪ್ಪು, ಅಮ್ಮ ಕೊಟ್ಟ ಕರಿಮೆಣಸು ಕುಟ್ಟಿ ಹಾಕಿ ಅವಳ ಬಾಗಿಲಲ್ಲಿ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲಡಿ ಚೀಟಿ ಬಂತು: ‘ಸೂಪು ಚೆನ್ನಾಗಿದೆ. ಖಾರ ಜಾಸ್ತಿ ಆಯ್ತು. ನಾಳೆಯೂ ಕೊಡ್ತೀಯಾ?’

ನಮಸ್ಕಾರ.