ಎರಡು ಗೇರ್ ಸಾಕು, ಬಾಕ್ಸ್ ಗಟ್ಟಿಯಾಗಿರಲಿ

ಗೇರ್, ಮೋಟರ್ ಜೋಡಿಸಿ ಕಟ್ಟುವ ಲೆಗೊ ಆಟಿಕೆ, ಟೆಕ್ನಿಕ್‌ನಲ್ಲಿ ಕಾರು, ಲಾರಿ ಕಟ್ಟುವವರು ಒಟ್ಟಿಗೆ ಸೇರಿದರೆ ಮೊದಲು ಬರುವ ಪ್ರಶ್ನೆ ಇದು: ನಿಮ್ಮ ಗೇರ್‌ಬಾಕ್ಸ್ ಎಷ್ಟು ಸ್ಪೀಡಿನದು? ನಾಲ್ಕು ಅಂದರೆ ತಲೆ ಆಡಿಸುತ್ತಾರೆ. ಎಂಟು ಅಂದರೆ ಕಣ್ಣರಳಿಸುತ್ತಾರೆ. ಮೋಟರ್ ಹಾಕಿ ಓಡಿಸುವ ಮಾಡೆಲ್‌ಗೆ ಈ ಲೆಕ್ಕ ಸರಿಯಲ್ಲ ಅನ್ನೋದು ನನ್ನ ವಾದ. ಬಾಕ್ಸ್ ಎಷ್ಟು ಚಿಕ್ಕದು, ಗೇರ್ ಬದಲಿಸಿದಾಗ ಚಕ್ರದಲ್ಲಿ ಏನು ಬದಲಾಯಿತು? ಕೇಳಬೇಕಾದ್ದು ಅದನ್ನು. ಹಾಗೆ ನೋಡಿದರೆ ಎರಡು ಸ್ಪೀಡ್ ಧಾರಾಳ ಸಾಕು.

ಹೆಚ್ಚು ಗೇರ್ ಇರುವ ಹೆಸರಾಂತ ಸೆಟ್‌ಗಳನ್ನೇ ನೋಡಿ. 2018ರ ಬುಗಾಟಿ ಶಿರೋನ್‌ನಲ್ಲಿ 3,599 ತುಂಡುಗಳು, 8 ಸ್ಪೀಡ್ ಗೇರ್‌ಬಾಕ್ಸ್. ಕಟ್ಟುವಾಗ ಸಿಗುವ ಖುಷಿಯೇ ಬೇರೆ, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅದರಲ್ಲಿ ಮೋಟರ್ ಇಲ್ಲ. ಕೈಯಲ್ಲಿ ತಳ್ಳಿದರೆ ಎಂಜಿನ್‌ನ ಪಿಸ್ಟನ್‌ಗಳು ಜೋರಾಗಿಯೋ ನಿಧಾನವಾಗಿಯೋ ಮೇಲೆ ಕೆಳಗೆ ಆಡುತ್ತವೆ, ಅಷ್ಟೇ. ಆ ಬಾಕ್ಸ್ ಯಾವ ಭಾರವನ್ನೂ ಎಳೆಯಬೇಕಿಲ್ಲ. 2016ರ ಪೋರ್ಶೆ 911 ಜಿಟಿ3 ಆರ್‌ಎಸ್ ಸೆಟ್ಟನ್ನು ಪುಸ್ತಕದಲ್ಲಿ ಇರುವ ಹಾಗೆಯೇ ಕಟ್ಟಿದರೆ ಗೇರ್‌ಗಳು 1, 3, 2, 4 ಅಂತ ಬರುತ್ತವೆ. ಕಟ್ಟಿದವರೇ ಇದನ್ನು ಕಂಡುಹಿಡಿದು ತೋರಿಸಿದರು. ಅದೇ ಕಾರಿಗೆ ಮೋಟರ್ ಇದ್ದು ಏರು ಹತ್ತಬೇಕಾಗಿದ್ದರೆ ಈ ತಪ್ಪು ಮೊದಲ ಏರಿನಲ್ಲೇ ಗೊತ್ತಾಗುತ್ತಿತ್ತು ಅಲ್ವಾ?

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. 1994ರಲ್ಲಿ 8880 ಸೂಪರ್ ಕಾರ್ ಬಂದಾಗ ಅದರ ಜೊತೆ ಡ್ರೈವಿಂಗ್ ರಿಂಗ್ ಅನ್ನೋ ಪುಟ್ಟ ಭಾಗವೂ ಬಂತು. ಗೇರ್‌ಗಳು ಆಕ್ಸಲ್ (ಗೇರ್ ಕೂರುವ ಕಡ್ಡಿ) ಮೇಲೆ ಸುಮ್ನೆ ತಿರುಗುತ್ತಿರುತ್ತವೆ. ರಿಂಗ್ ಪಕ್ಕಕ್ಕೆ ಸರಿದು ಒಂದನ್ನು ಕಚ್ಚಿಕೊಂಡಾಗ ಮಾತ್ರ ಆ ಗೇರ್ ಆಕ್ಸಲನ್ನು ತಿರುಗಿಸುತ್ತದೆ. ನಾವು ದಿನಾ ಓಡಿಸುವ ಬೈಕಿನ ಗೇರ್‌ಬಾಕ್ಸ್ ಕೂಡ ಇದೇ ತತ್ವದ್ದು. ಹಲ್ಲುಗಳು ಯಾವಾಗಲೂ ಜೊತೆಗಿರುತ್ತವೆ, ಕೆಲಸ ಮಾಡುವ ಜೋಡಿ ಮಾತ್ರ ಬದಲಾಗುತ್ತದೆ.

ತೊಂದರೆ ಶುರುವಾಗೋದು ಇಲ್ಲೇ. ಕೆಲಸ ಇಲ್ಲದ ಜೋಡಿಗಳೂ ತಿರುಗುತ್ತಲೇ ಇರುತ್ತವೆ. ಒಂದೊಂದು ಸ್ಪೀಡ್ ಸೇರಿಸಿದಾಗಲೂ ತಿರುಗುವ ಗೇರ್, ಉಜ್ಜಿಕೊಳ್ಳುವ ಆಕ್ಸಲ್ ಜಾಸ್ತಿ ಆಗುತ್ತವೆ. ಬೈಕಿನಲ್ಲಿ ಎಣ್ಣೆ ಇದೆ, ಬೇರಿಂಗ್ ಇದೆ. ಇಲ್ಲಿ ಪ್ಲಾಸ್ಟಿಕ್ ತೂತಿನೊಳಗೆ ಪ್ಲಾಸ್ಟಿಕ್ ಆಕ್ಸಲ್. ಬ್ಯಾಟರಿಯ ಶಕ್ತಿಯ ಒಂದು ಪಾಲು ಚಕ್ರಕ್ಕೆ ಹೋಗುವ ಮೊದಲೇ ಖರ್ಚಾಗಿಬಿಡುತ್ತದೆ. ಮೇಲಾಗಿ ಬಾಕ್ಸ್ ಉದ್ದವಾದಷ್ಟೂ ಆಕ್ಸಲ್ ಉದ್ದ. ಉದ್ದ ಆಕ್ಸಲ್ ಭಾರ ಬಿದ್ದಾಗ ತಿರುಚಿಕೊಳ್ಳುತ್ತದೆ. ಮೋಟರ್ ತಿರುಗಿದ ಮೇಲೆ ಒಂದು ಗಳಿಗೆ ಬಿಟ್ಟು ಚಕ್ರ ಜಿಗಿಯುವುದನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಚಿಕ್ಕದಾಗಿ ಕಟ್ಟುವುದು ಹೇಗೆ? ಇದರ ಹಿಂದೆ ಒಂದು ಸೊಗಸಾದ ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. ಲೆಗೊ ತುಂಡಿನ ಮೇಲಿನ ಗುಂಡನೆ ಉಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಗೇರಿನಲ್ಲಿ ಎಷ್ಟು ಹಲ್ಲಿದೆಯೋ ಅದರ ಪಿಚ್ ವ್ಯಾಸ (ಹಲ್ಲುಗಳು ಕೂಡುವ ವೃತ್ತದ ಅಗಲ) ಅಷ್ಟೇ ಮಿಲಿಮೀಟರ್. ಅಂದರೆ ಎರಡು ಗೇರಿನ ಹಲ್ಲುಗಳನ್ನು ಕೂಡಿ 16ರಿಂದ ಭಾಗಿಸಿದರೆ, ಆಕ್ಸಲ್‌ಗಳ ನಡುವೆ ಎಷ್ಟು ಸ್ಟಡ್ ದೂರ ಬೇಕು ಅಂತ ತಕ್ಷಣ ಸಿಗುತ್ತದೆ. ಮೊತ್ತ 32 ಆದರೆ 2 ಸ್ಟಡ್. 48 ಆದರೆ 3 ಸ್ಟಡ್. 16 ಮತ್ತು 24ರ ಜೋಡಿ ಹಾಕಲು ಹೋದರೆ ಎರಡೂವರೆ ಸ್ಟಡ್ ಬರುತ್ತದೆ, ಅರ್ಧ ಸ್ಟಡ್ ಹೊಂದಿಸಲು ಮತ್ತೆ ನಾಲ್ಕಾರು ತುಂಡು ಬೇಕಾಗಿ ಬಾಕ್ಸ್ ಊದಿಕೊಳ್ಳುತ್ತದೆ.

ಮೊತ್ತ 32 ಆಗುವ ಜೋಡಿಗಳು ಯಾವುವು? 16 ಮತ್ತು 16. 12 ಮತ್ತು 20. 8 ಮತ್ತು 24. ಇದೇ ಬೀಗದ ಕೈ. ಮೋಟರ್ ಕಡೆಯ ಆಕ್ಸಲ್ ಮೇಲೆ ಒಂದು 16, ಒಂದು 12 ಕೂರಿಸಿ. ಎರಡು ಸ್ಟಡ್ ಕೆಳಗೆ ಇನ್ನೊಂದು ಆಕ್ಸಲ್. ಅದರ ಮೇಲೆ ರಿಂಗ್ ಕಚ್ಚುವಂಥ 16 ಮತ್ತು 20, ನಡುವೆ ರಿಂಗ್. ಎರಡೇ ಆಕ್ಸಲ್, ನಾಲ್ಕು ಗೇರ್, ಒಂದು ರಿಂಗ್. ಒಂದು ಕಡೆ ಸರಿಸಿದರೆ ವೇಗ ಇದ್ದ ಹಾಗೇ ಇರುತ್ತದೆ. ಇನ್ನೊಂದು ಕಡೆ ಸರಿಸಿದರೆ ವೇಗ 1.67 ಪಟ್ಟು ಇಳಿಯುತ್ತದೆ, ಉಜ್ಜಾಟದ ನಷ್ಟ ಬಿಟ್ಟರೆ ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ.

1.67 ಕಡಿಮೆ ಆಯ್ತು ಅನ್ನುವವರಿದ್ದಾರೆ. ಲೆಕ್ಕ ಹಾಕೋಣ. ಲೆಗೊದ ಮೋಟರ್ ಸಾಲು ಪವರ್ ಫಂಕ್ಷನ್ಸ್‌ನ ಎಕ್ಸ್ಎಲ್ ಮೋಟರ್ ಭಾರ ಇಲ್ಲದಾಗ ನಿಮಿಷಕ್ಕೆ ಸುಮಾರು 220 ಸುತ್ತು ತಿರುಗುತ್ತದೆ. ಬಾಕ್ಸ್ ಆದ ಮೇಲೆ 8 ಹಲ್ಲಿನ ಗೇರಿನಿಂದ 24 ಹಲ್ಲಿನದನ್ನು ತಿರುಗಿಸಿ ವೇಗ ಇಳಿಸಿ, 62.4 ಮಿಲಿಮೀಟರ್ ವ್ಯಾಸದ ಟೈರ್ ಹಾಕಿದರೆ, ನಿಮಿಷಕ್ಕೆ ಸುಮಾರು 14 ಮೀಟರ್ ಓಡುತ್ತದೆ. ಕೆಳಗಿನ ಗೇರಿನಲ್ಲಿ ಎಂಟೂವರೆ ಮೀಟರ್. ಈ ವ್ಯತ್ಯಾಸ ನೋಡುವವರಿಗೆ ಕಾಣುತ್ತದೆ, ಏರಿನಲ್ಲಿ ಕಿವಿಗೂ ಕೇಳುತ್ತದೆ. ಎಂಟು ಸ್ಪೀಡಿನ ಬಾಕ್ಸಿನಲ್ಲಿ ಐದನೆಯದಕ್ಕೂ ಆರನೆಯದಕ್ಕೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಇರೋದಿಲ್ಲ.

ಇನ್ನು ಬಾಕ್ಸನ್ನು ಎಲ್ಲಿ ಇಡಬೇಕು ಅನ್ನೋದು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಮೋಟರ್ ಪಕ್ಕದಲ್ಲೇ ಇಡಿ, ವೇಗ ಇಳಿಸುವ ಕೆಲಸವನ್ನು ಚಕ್ರದ ಹತ್ತಿರಕ್ಕೆ ಬಿಡಿ. ಮೊದಲೇ ಮೂರು ಪಟ್ಟು ಇಳಿಸಿಬಿಟ್ಟರೆ ರಿಂಗ್ ಮೇಲೆ ಮೂರು ಪಟ್ಟು ಬಲ ಬೀಳುತ್ತದೆ, ಕಟಕಟ ಅಂತ ಜಾರುತ್ತದೆ. 2019ರ 42099 ಆಫ್‌ರೋಡರ್ ಸೆಟ್‌ನಲ್ಲಿ ಬಂದ ಪ್ಲಾನೆಟರಿ ಹಬ್ (ನಡುವಿನ ಗೇರಿನ ಸುತ್ತ ಚಿಕ್ಕ ಗೇರ್‌ಗಳಿರುವ ಚಕ್ರದ ಗುಂಬ) ಚಕ್ರದ ಒಳಗೇ 5.4 ಪಟ್ಟು ಇಳಿಸುತ್ತದೆ. ಅಂಥದ್ದು ಇದ್ದರೆ ಹಬ್‌ಗಿಂತ ಮುಂಚೆ ಇರುವ ಎಲ್ಲ ಭಾಗಕ್ಕೂ ಚಕ್ರದ ಬಲದ ಐದನೇ ಒಂದು ಪಾಲಿಗಿಂತ ಕಡಿಮೆ ಹೊರೆ. ಚಿಕ್ಕ ಬಾಕ್ಸ್ ಬಾಳಿಕೆ ಬರೋದು ಹೀಗೆ.

ಗೇರ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ ಅನ್ನೋದನ್ನೂ ಮರೆಯಬೇಡಿ. ಆಕ್ಸಲ್‌ಗೆ ಎರಡೂ ಬದಿಯಲ್ಲಿ ಆಸರೆ ಇರಲಿ. ಎರಡು ಆಕ್ಸಲನ್ನೂ ಒಂದೇ ಬೀಮ್ (ತೂತುಗಳಿರುವ ಉದ್ದ ತುಂಡು) ಅಥವಾ ಒಂದೇ ಫ್ರೇಮ್ ಹಿಡಿದಿರಲಿ.

ಗೇರ್ ಬದಲಿಸಲು ಸರ್ವೊ ಮೋಟರ್ ಒಳ್ಳೆಯದು, ಅದು ಎರಡೂ ಕಡೆಗೆ 90 ಡಿಗ್ರಿ ತಿರುಗುತ್ತದೆ. ಅದಿಲ್ಲದಿದ್ದರೆ ಎಂ ಅನ್ನೋ ಚಿಕ್ಕ ಮೋಟರ್ ಜೊತೆ 24 ಹಲ್ಲಿನ ಬಿಳಿ ಕ್ಲಚ್ ಗೇರ್ ಹಾಕಿ. ಅದರ ಮೇಲೆ 2.5ರಿಂದ 5 ನ್ಯೂಟನ್ ಸೆಂಟಿಮೀಟರ್ (ತಿರುಗಿಸುವ ಬಲದ ಅಳತೆ) ಅಂತ ಅಚ್ಚೊತ್ತಿದೆ. ರಿಂಗನ್ನು ಸರಿಸುವ ಲಿವರ್ ಕೊನೆ ಮುಟ್ಟಿದ ಮೇಲೆ ಅದು ಜಾರುತ್ತದೆ, ಏನೂ ಮುರಿಯೋದಿಲ್ಲ. ಲಿವರ್‌ಗೆ ಒಂದು ರಬ್ಬರ್ ಬ್ಯಾಂಡ್ ಕೂಡ ಕಟ್ಟಿ. ರಿಂಗಿಗೂ ಗೇರಿಗೂ ಕಚ್ಚು ಎದುರುಬದುರಾದರೆ ಅವು ಒಂದರೊಳಗೊಂದು ಕೂರುವವರೆಗೂ ಬ್ಯಾಂಡ್ ಒತ್ತಿ ಹಿಡಿಯುತ್ತದೆ.

ನಮ್ಮಲ್ಲಿ ಬಿಡಿ ಭಾಗ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ. ಎಂಟು ಸ್ಪೀಡಿಗೆ ಬೇಕಾದ ರಿಂಗ್, ಗೇರ್ ಹೊಂದಿಸಲಾಗದೆ ಕೈಬಿಟ್ಟವರು ದಯವಿಟ್ಟು ಈ ಎರಡು ಸ್ಪೀಡಿನ ಬಾಕ್ಸ್ ಕಟ್ಟಿ ನೋಡಿ. ಕಾರಿನ ಮೈ ಕಟ್ಟುವ ಮೊದಲೇ ಬಾಕ್ಸಿಗೆ ಮೋಟರ್ ಜೋಡಿಸಿ, ಹೊರಬರುವ ಆಕ್ಸಲನ್ನು ಬೆರಳಿನಲ್ಲಿ ಒತ್ತಿ ಹಿಡಿದು ಎರಡೂ ಗೇರ್ ಹಾಕಿ ನೋಡಿ. ಎಲ್ಲಿ ಜಾರುತ್ತದೆ, ಯಾವ ಆಕ್ಸಲ್ ಬಾಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮೂರು ವಿಷಯ ಬರೆದು ಕಳಿಸಿ: ಬಾಕ್ಸ್ ಎಷ್ಟು ಸ್ಟಡ್ ಉದ್ದ, ಯಾವ ಹಲ್ಲಿನ ಜೋಡಿ ಹಾಕಿದಿರಿ, ಯಾವ ಮೋಟರ್. ಎಲ್ಲಕ್ಕಿಂತ ಚಿಕ್ಕದನ್ನು ಮುಂದಿನ ಕಂತಿನಲ್ಲಿ ನಾನೇ ಕಟ್ಟಿ, ಏರಿನ ಮೇಲೆ ಓಡಿಸಿ ತೋರಿಸುತ್ತೇನೆ.